ಹೊಳೆಯ ಕಂಬದ ತುದಿಗೆರೆ

ಮದುವೆಯಾದ ಹೊಸದರಲ್ಲಿ ನನಗೊಬ್ಬ ಸವತಿ ಇದ್ದಳು ಎಂದು ನಾನು ಆಗಾಗ ಹೇಳುವುದುಂಟು. ಕೇಳಿದವರು ಹುಬ್ಬೇರಿಸುತ್ತಾರೆ. ಆಮೇಲೆ ಅದೊಂದು ಕೆಂಪು ಗೆರೆ, ಕೊಣ್ಣೂರಿನ ಹತ್ತಿರ ಘಟಪ್ರಭಾ ಹೊಳೆಯ ದಂಡೆಯಲ್ಲಿದ್ದ ಅಳತೆಕಂಬದ ಮೇಲಿನ ಗೆರೆ ಎಂದು ಬಿಡಿಸಿ ಹೇಳಬೇಕಾಗುತ್ತದೆ. ನಿಜವಾದ ಸವತಿಯಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಈ ಗೆರೆ ಮಾತಿಲ್ಲದೆ ಕಂಬದ ತುದಿಯಲ್ಲಿ ಕೂತು ನನ್ನ ಗಂಡನಿಗಾಗಿ ಕಾಯುತ್ತಿತ್ತು.

ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ನಮ್ಮವರು ಹುಕ್ಕೇರಿಯವರು, ಹೊಳೆಯ ನೀರು ಅಳೆಯುವ ಸರಕಾರಿ ಕೆಲಸ. ನಾನು ಮೂಡಲಗಿಯ ಎರೆಹೊಲಗಳ ನಡುವೆ ಬೆಳೆದವಳು. ನಮಗೆ ನೀರೆಂದರೆ ಬಾವಿಯ ತಳದಲ್ಲಿ ಎಲ್ಲೋ ಮಿಣುಗುವ, ಹಗ್ಗ ಬಿಟ್ಟು ಸೇದಿ ತರುವ ವಸ್ತು. ಅದು ತಾನಾಗಿ ಎದ್ದು ಮನೆಯ ಕಡೆಗೆ ನಡೆದು ಬರುತ್ತದೆ ಎಂಬುದನ್ನು ನಾನು ಕಂಡದ್ದು ಗಂಡನ ಹಿಂದೆ ಈ ಹೊಳೆಯ ದಂಡೆಗೆ ಬಂದ ಮೇಲೆ.

ನೀರು ಅಳೆಯುವುದೆಂದರೆ ಕೊಡದಲ್ಲೋ ಹಂಡೆಯಲ್ಲೋ ಎಂದು ಹೆಣ್ಣು ಕೊಡುವ ಮೊದಲು ನಮ್ಮಪ್ಪ ಕೇಳಿದ್ದರಂತೆ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಹೊಳೆ ಎಷ್ಟು ಏರಿದಾಗ ಎಷ್ಟು ನೀರು ಹರಿದುಹೋಗುತ್ತದೆ ಎಂಬ ಲೆಕ್ಕ ಸರಕಾರಕ್ಕೆ ಬೇಕಿತ್ತು. ಅದಕ್ಕಾಗಿ ದಂಡೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಸಿಮೆಂಟಿನ ಕಂಬ ನಿಲ್ಲಿಸಿ, ಕೆಳಗಿನಿಂದ ಮೇಲಿನವರೆಗೆ ಅಲ್ಲಲ್ಲಿ ಕೆಂಪು ಗೆರೆ ಬಳಿದಿದ್ದರು. ನೀರು ಒಂದೊಂದು ಗೆರೆಯನ್ನು ಮುಟ್ಟಿದ ಹೊತ್ತಿಗೇ ಹೊಳೆಯ ನಡುವೆ ಹೋಗಿ ಹರಿವಿನ ವೇಗ ಅಳೆಯಬೇಕು. ಮುಟ್ಟುವ ಮೊದಲು ಅಳೆದರೆ ಲೆಕ್ಕಕ್ಕಿಲ್ಲ, ದಾಟಿದ ಮೇಲೆ ಅಳೆದರೂ ಇಲ್ಲ. ಹೊಳೆ ಯಾರ ಸಲುವಾಗಿಯೂ ನಿಂತು ಕಾಯುವುದಿಲ್ಲವಾದ್ದರಿಂದ ಊಟದ ನಡುವೆ ಮುಟ್ಟಿದರೂ ಕೈ ತೊಳೆದು ಓಡಬೇಕು. ಒಂದು ಸಮಾಧಾನವೆಂದರೆ, ಒಮ್ಮೆ ಸರಿಯಾಗಿ ಅಳೆದ ಗೆರೆಗೆ ಮತ್ತೆ ಅಳತೆ ಬೇಕಿರಲಿಲ್ಲ.

ಹೊಳೆಯ ನಡುವೆ ಹೋಗುವುದು ಹೇಗೆ ಎಂಬುದೇ ನನ್ನ ನಿದ್ದೆ ಕೆಡಿಸಿದ ಸಂಗತಿ. ಈ ದಂಡೆಯಿಂದ ಆ ದಂಡೆಗೆ ದಪ್ಪನೆಯ ತಂತಿಹಗ್ಗ ಬಿಗಿದು, ಗಾಲಿ ಹಾಕಿ, ಒಂದು ಕಟ್ಟಿಗೆಯ ಪೆಟ್ಟಿಗೆ ತೂಗುಬಿಟ್ಟಿದ್ದರು. ಜನ ಅದಕ್ಕೆ ತೊಟ್ಟಿಲು ಎನ್ನುತ್ತಿದ್ದರು. ನಮ್ಮವರು ಅದರಲ್ಲಿ ಕೂರುವುದು, ದಂಡೆಯ ಮೇಲಿನ ಇಬ್ಬರು ಆಳುಗಳು ಹಗ್ಗ ಜಗ್ಗಿ ಅವರನ್ನು ನಡುಹೊಳೆಗೆ ಕಳಿಸುವುದು. ಅಲ್ಲಿಂದ ಅವರು ಒಂದು ಯಂತ್ರವನ್ನು ತಂತಿಗೆ ಕಟ್ಟಿ ನೀರಿಗೆ ಇಳಿಬಿಡುತ್ತಿದ್ದರು. ಸಣ್ಣ ಸಣ್ಣ ಬಟ್ಟಲು ಜೋಡಿಸಿದ ಆ ಯಂತ್ರ ಹರಿವಿಗೆ ಸಿಕ್ಕು ಗಿರಗಿರ ತಿರುಗುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅದು ಪಂಖಾ ಆಗಿತ್ತು. ಅದು ಕೊಚ್ಚಿಹೋಗದಿರಲೆಂದು ಕೆಳಗೆ ಮೀನಿನ ಆಕಾರದ ಸೀಸದ ಗುಂಡು. ಪಂಖಾ ತಿರುಗಿದಂತೆ ಕಿವಿಗೆ ಹಾಕಿಕೊಂಡ ಡಬ್ಬಿಯಲ್ಲಿ ಟಕ್ ಟಕ್ ಎಂದು ಕೇಳುತ್ತದೆ. ಗಡಿಯಾರ ನೋಡುತ್ತ ಆ ಸದ್ದನ್ನು ಎಣಿಸಬೇಕು.

ಬೇಸಿಗೆಯಲ್ಲಿ ಅದೊಂದು ಆಟ. ನಾನೂ ಒಮ್ಮೆ ಕೂತು ನೋಡುತ್ತೇನೆ ಎಂದು ಹಟ ಮಾಡಿದ್ದೆ. ಮಳೆಗಾಲದ ಕೆಂಪು ನೀರು ನೋಡಿದ ಮೇಲೆ ಆ ಆಸೆ ಸತ್ತುಹೋಯಿತು. ಹೊಳೆ ಜೋಳದ ಕಣಕಿ, ಬೇಲಿ, ಸತ್ತ ದನ, ಬೇರುಸಹಿತ ಕಿತ್ತುಬಂದ ಗಿಡಮರ ಎಲ್ಲವನ್ನೂ ಹೊತ್ತು ತರುತ್ತಿತ್ತು. ಅಂಥ ಗಿಡವೊಂದು ಪಂಖಾದ ತಂತಿಗೆ ಸಿಕ್ಕಿಕೊಂಡರೆ ತೊಟ್ಟಿಲನ್ನೂ ಕೆಳಗೆ ಜಗ್ಗುತ್ತದೆ. ಹಾಗಾದರೆ ತಂತಿ ಕತ್ತರಿಸಲೆಂದು ಒಂದು ದೊಡ್ಡ ಇಕ್ಕಳ ಕೊಟ್ಟಿದ್ದರು. ಇದನ್ನೆಲ್ಲ ನನಗೆ ತಿಳಿಸಿದವನು ಹಗ್ಗ ಜಗ್ಗುವ ಆಳು, ನಾನೇ ಕೊಟ್ಟ ಚಹಾ ಕುಡಿಯುತ್ತ.

"ಮ್ಯಾಲಿನ ಕಡೆ ಒಂದು ಹೊಳ್ಯಾಗ ಹಿಂಗ ಆಗಿತ್ರಿ ಅಕ್ಕಾರ," ಎಂದ. "ಇಕ್ಕಳ ಕೈಯಾಗ ಇತ್ತು, ಕತ್ತರಿಸಾಕ ವ್ಯಾಳ್ಯಾ ಸಿಗಲಿಲ್ಲ. ತೊಟ್ಟಲ ಮಗಚಿತು. ಪುಣ್ಯಾಕ ಅಂವಾ ಹಗ್ಗಕ್ಕ ಜೋತಬಿದ್ದ. ಕೈ ಮುರೀತು, ಅಷ್ಟ."

ಅಷ್ಟೇ ಅಂತೆ! ಅವನಿಗೆ ಎರಡನೆಯ ಸಲ ಚಹಾ ಹಾಕಲಿಲ್ಲ. ಗಂಡ ಮನೆಗೆ ಬಂದ ಕೂಡಲೇ ಜಗಳ ತೆಗೆದೆ.

"ಈ ಕೆಲಸಾ ಬಿಡ್ರಿ."

"ಬಿಟ್ಟು?"

"ಹುಕ್ಕೇರ್ಯಾಗ ನಿಮ್ಮ ಹೊಲಾ ಐತೆಲ್ಲ, ಕಮತಾ ಮಾಡೂನು."

"ನನ್ನ ಪಾಲಿನ ಹೊಲದಾಗ ಎತ್ತು ಹೊಳ್ಳಾಕ ಜಾಗಾ ಇಲ್ಲ," ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಯಾವ ಮಾತಿಗೂ ಸಿಟ್ಟಾಗುವವರಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸುತ್ತಿತ್ತು.

ಸಾಲದ್ದಕ್ಕೆ, ನೀರು ಗೆರೆಗೆ ಮುಟ್ಟಿತು ಎಂದು ಕೂಗಿ ಹೇಳುವ ಕೆಲಸ ನನ್ನ ಕೊರಳಿಗೇ ಬಿತ್ತು. ಯಂತ್ರವಿಡುವ ಶೆಡ್ಡಿನಿಂದ ಕಂಬ ಕಾಣುತ್ತಿರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಹೊಳೆ ಏರುವಾಗ ಅವರು ಮತ್ತು ಆಳುಗಳು ಪಂಖಾಕ್ಕೆ ಎಣ್ಣೆ ಹಾಕಿ, ಹಗ್ಗ ನೋಡಿ ಸಿದ್ಧವಾಗಿರುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ಕಂಬದ ಮೇಲೆ ಇಟ್ಟಿರಬೇಕು. ಮುಟ್ಟಿದೊಡನೆ ಹೊರಗೆ ಓಡಿ "ಮುಟ್ಟೈತ್ರೀ" ಎಂದು ಕೂಗಬೇಕು. ಹೀಗೆ ಗಂಡನನ್ನು ನಾನೇ ಕೂಗಿ ಕೂಗಿ ಆ ತೊಟ್ಟಿಲಿಗೆ ಹತ್ತಿಸುತ್ತಿದ್ದೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಗೆರೆಗಳೆಲ್ಲ ಒಂದೊಂದಾಗಿ ಮುಗಿದವು. ಉಳಿದದ್ದು ತುದಿಯದು ಒಂದೇ. ಅಲ್ಲಿಗೆ ನೀರು ಮುಟ್ಟಬೇಕಾದರೆ ಹೊಳೆ ಎರಡೂ ದಂಡೆ ತುಂಬಿ ಹರಿಯಬೇಕು. ಆಗ ನಡುಹೊಳೆಯಲ್ಲಿ ತೊಟ್ಟಿಲಿನ ತಳಕ್ಕೂ ನೀರಿಗೂ ನಡುವೆ ಒಬ್ಬ ಆಳು ನಿಲ್ಲುವಷ್ಟು ಕೂಡ ಎಡೆ ಇರುತ್ತಿರಲಿಲ್ಲ. ಊರೆಲ್ಲ ಮಳೆ ಬರಲಿ ಎಂದು ಬೇಡುವಾಗ ನಾನೊಬ್ಬಳು ಹದವಾಗಿ ಬರಲಿ, ಗೆರೆ ಮುಟ್ಟುವಷ್ಟು ಬೇಡ ಎಂದು ದೇವರ ಹತ್ತಿರ ಚೌಕಾಶಿ ಮಾಡುತ್ತಿದ್ದೆ.

ಮೂರನೆಯ ಮಳೆಗಾಲದಲ್ಲಿ ಪಂಚಮಿಗೆ ಅಣ್ಣ ಕರೆಯಲು ಬಂದ. ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳೆಂದರೆ ತವರೇ ಇಲ್ಲದವಳು. ಹೋದೆ. ಜೋಕಾಲಿಯಲ್ಲಿ ಕೂತರೂ ನನ್ನ ಕಣ್ಣು ಪಡುವಣದ ಮೋಡದ ಮೇಲೆ. ಜೋಕಾಲಿ ಮೇಲಕ್ಕೆ ಹೋದಾಗಲೆಲ್ಲ ತೊಟ್ಟಿಲಿನಲ್ಲಿ ಕೂತ ಅವರೇ ನೆನಪಾಗುತ್ತಿದ್ದರು. ಅವ್ವ ಕಟ್ಟಿಕೊಟ್ಟ ಉಂಡಿಗಂಟು ಹೊತ್ತು, ಹೇಳಿದ್ದಕ್ಕಿಂತ ಬೇಗನೆ ತಿರುಗಿ ಬಂದೆ.

ಬಂದು ನೋಡಿದರೆ ಕಂಬದ ಗುರುತೇ ಸಿಗಲಿಲ್ಲ. ನೀರಿನ ಮಟ್ಟದಿಂದ ತುದಿಯವರೆಗೆ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದು, ಅರಿಷಿಣ ಕುಂಕುಮ ಹಚ್ಚಿ, ಕೊರಳಿಗೆ ಒಂದು ಹಸಿರು ಕುಪ್ಪಸದ ಖಣ ಕಟ್ಟಿದ್ದರು. ಹೊಳೆಗೆ ಹೊಸ ನೀರು ಬಂದಾಗ ಹೆಣ್ಣುಮಕ್ಕಳು ಗಂಗಿಪೂಜೆ ಮಾಡುವುದು ರೂಢಿ. ಆ ವರ್ಷ ಪೂಜೆಯ ಮೆಟ್ಟಿಲೆಲ್ಲ ನೀರಿನಡಿಗೆ ಹೋಗಿದ್ದವು. ನೀರಿನಲ್ಲಿ ನಿಂತೂ ಮುಳುಗದೆ ಉಳಿದದ್ದು ನಮ್ಮ ಕಂಬ ಮಾತ್ರ. ಗಂಗವ್ವನೇ ತೋರಿಸಿದ ಕಂಬವಿದು ಎಂದು ಅದಕ್ಕೇ ಉಡಿ ತುಂಬಿದ್ದರು. ಮುಂದಾಳತ್ವ ಪಕ್ಕದ ಮನೆಯ ಅಜ್ಜಿಯದು, ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಈ ಆಯಿ ಕೇರಿಯ ಯಾವ ಗೋಡೆಯನ್ನೂ ಬೋಳಾಗಿ ನಿಲ್ಲಲು ಬಿಡುತ್ತಿರಲಿಲ್ಲ.

"ನಾ ಹೊಳೀ ಲೆಕ್ಕಾ ಕೊಡಾಕ ಹುಕ್ಕೇರಿಗೆ ಹೋಗಿದ್ನಿ. ಬರೂದ್ರಾಗ ಎಲ್ಲಾ ಮುಗಿಸ್ಯಾರ," ಎಂದರು ನಮ್ಮವರು.

"ಕೆಂಪು ಗೆರಿ ಎಲ್ಲಿ?"

"ಅದನ್ನ ಕೇಳಿದ್ನಿ. ಮಬ್ಬಾಗಿತ್ತು, ಅದರ ಮ್ಯಾಲ ಹೊಸಾದು ಎಳದೇವಿ ಅಂದ್ಲು ಆಯಿ. ತುದೀದು ಅದ ನೋಡು."

ಸುಣ್ಣ ಕೆರೆದು ನೋಡಬಹುದಿತ್ತು. ಆದರೆ ಪೂಜೆಯಾದ ಕಂಬಕ್ಕೆ ಕುಡಗೋಲು ಹಚ್ಚಿದರೆ ಕೇರಿಯ ಹೆಂಗಸರು ಸುಮ್ಮನಿರುತ್ತಿರಲಿಲ್ಲ. ನಮ್ಮವರಿಗೆ ಹೊಳೆಗಿಂತ ಅವರ ಬಾಯಿಯದೇ ಹೆಚ್ಚು ಭಯ.

ಎರಡು ದಿನದಲ್ಲಿ ಹೊಳೆ ಏರಿತು. ಮಧ್ಯಾಹ್ನದ ಹೊತ್ತಿಗೆ ನೀರು ತುದಿಯ ಕೆಂಪು ಪಟ್ಟೆಯನ್ನು ತಾಗಿದ್ದು ಕಂಡು ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಕೂಗಿದೆ. ಅವರು ತೊಟ್ಟಿಲು ಹತ್ತಿದರು. ಅವರು ಹೋಗಿ ಬರುವವರೆಗೆ ನಾನು ಏನು ಮಾಡಿದೆನೋ ನೆನಪಿಲ್ಲ. ಆಳು ಆಮೇಲೆ ಹೇಳಿದ ಪ್ರಕಾರ ಒಂದು ಹಿಡಿ ಕಡಲೆಬೇಳೆಯನ್ನು ಒಂದೊಂದಾಗಿ ಹೊಳೆಗೆ ಎಸೆಯುತ್ತ ನಿಂತಿದ್ದೆನಂತೆ. ಅವರು ನಗುತ್ತ ಇಳಿದರು. ಗೆರೆಗಳು ಮುಗಿದವು ಎಂದು ಮೇಲಧಿಕಾರಿ ಸಾಹೇಬರಿಗೆ ಹೇಳಿಕಳಿಸಿದರು. ನಾನು ಹೋಳಿಗೆ ಮಾಡಿದೆ, ಆಳುಗಳಿಗೂ ಬಡಿಸಿದೆ, ತೊಟ್ಟಿಲು ಮಗಚಿದ ಕತೆ ಹೇಳಿದವನಿಗೆ ಒಂದು ಹೆಚ್ಚೇ ಹಾಕಿದೆ. ಆಯಿಗೂ ಕೊಟ್ಟು ಬಂದೆ.

ಮೂರನೆಯ ದಿನ ಸಾಹೇಬರು ಬಂದರು. ರಾಜ್ಯ ಕೂಡಿದ ಮೇಲೆ ಮೈಸೂರಿನ ಕಡೆಯಿಂದ ಬಂದವರು, ಒಳ್ಳೆಯ ಮನುಷ್ಯ; ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರ ಮಾತು ನಮಗೆ ಅರ್ಧ. ಕೊಡೆ ಹಿಡಿದುಕೊಂಡು ಕಂಬದ ಮುಂದೆ ಬಹಳ ಹೊತ್ತು ನಿಂತರು. ಅಷ್ಟರಲ್ಲಿ ನೀರು ಇಳಿದು ಕಂಬ ಪೂರಾ ಕಾಣುತ್ತಿತ್ತು.

"ಏನ್ರೀ ಇದು, ಕಂಬಕ್ಕೆ ಸೀರೆ ಉಡಿಸಿದ್ದೀರಲ್ಲ?" ಎಂದರು. ಆಮೇಲೆ ಚೀಲದಿಂದ ಟೇಪು ತೆಗೆದು ಕಂಬದ ತಲೆಯಿಂದ ಕೆಳಗೆ ಇಳಿಸಿದರು. ಮುಖ ಗಂಟಿಕ್ಕಿತು. ಚಾಕುವಿನಿಂದ ಸುಣ್ಣ ಕೆರೆದರು. ಆಯಿಯ ಕೆಮ್ಮಣ್ಣಿನ ಪಟ್ಟೆಯ ಒಂದು ಮೊಳ ಮೇಲೆ, ಬಿಳಿಯ ಅಡಿಯಿಂದ ಹಳೆಯ ಎಣ್ಣೆಬಣ್ಣದ ಕೆಂಪು ಗೆರೆ ಹೊರಬಿತ್ತು.

"ನೀವು ಅಳೆದಿರೋದು ಈ ಪಟ್ಟೆಯಲ್ಲಿ ನೀರಿದ್ದಾಗ. ನಮ್ಮ ಗೆರೆ ಇಲ್ಲಿದೆ, ನೋಡಿ," ಎಂದರು ಸಾಹೇಬರು. ಬೈಯಲಿಲ್ಲ. "ತುದಿಯದು ಬಾಕಿ ಉಳೀತಲ್ರೀ. ನೀರು ಮುಟ್ಟಿದ್ರೆ ಮತ್ತೆ ಹೋಗಬೇಕಾಗುತ್ತೆ."

ನಮ್ಮವರು ಸರಿ ಎಂದು ತಲೆ ಅಲ್ಲಾಡಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹೋಳಿಗೆ ತಿಂದು ಮುಗಿಸಿದ ಮೇಲೆ ಹಬ್ಬ ನಾಳೆ ಎಂದು ತಿಳಿದರೆ ಹೇಗಾಗುತ್ತದೆಯೋ ಹಾಗಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಆಯಿಯ ಮನೆಗೆ ನಡೆದೆ.

"ಆಯೀ, ಗೆರಿ ಮ್ಯಾಲ ಗೆರಿ ಎಳದೇವಿ ಅಂದಿದ್ರೆಲ್ಲ!"

"ಎಳದೇವಿ ಯವ್ವಾ. ತುಸು ಸರಿಸೇವಿ, ಅಷ್ಟ."

"ಯಾಕ ಸರಿಸಿದ್ರಿ?"

"ನಿಮ್ಮ ಗೆರಿ ಒಂದು ಸನೇದು, ಒಂದು ದೂರ ಇದ್ದೂ. ದೇವರ ಕಂಬಕ್ಕ ಯಾರರ ಹಂಗ ಎಳೀತಾರ? ಕಣ್ಣಿಗೆ ಚಂದ ಕಾಣಲಿ ಅಂತ ಎಲ್ಲಾ ಸಮಾ ಮಾಡಿದ್ವಿ."

ಆ ಕೈ ಎಷ್ಟು ಸಮನಾಗಿ ಎಳೆದಿತ್ತೆಂದರೆ ಈಗ ನೆನೆದರೂ ಮೆಚ್ಚಬೇಕು. ಆಗ ಮಾತ್ರ ನಾನು ಅಳುತ್ತಲೇ ಬೈದೆ. ತೊಟ್ಟಿಲು, ತಂತಿ, ಗಿಡ, ಇಕ್ಕಳ ಎಲ್ಲ ಹೇಳಿದೆ. ಆ ಗೆರೆಗೆ ನೀರು ಮುಟ್ಟಿದರೆ ಅವರು ಇನ್ನೊಮ್ಮೆ ನಡುಹೊಳೆಗೆ ಹೋಗಬೇಕೆಂದು ಹೇಳಿದೆ. ಆಯಿ ಬೀಸುಕಲ್ಲಿನ ಗೂಟ ಬಿಟ್ಟು ಎದ್ದಳು.

"ಹಿಂಗ ಅಂತ ನಮಗ ಯಾರ ಹೇಳಿದಾರ?" ಎಂದಳು. ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡು, "ಗಿಡದ ಅಂಜಿಕಿ ಹೌದಲ್ಲ? ಮ್ಯಾಲಿನ ತಿರುವಿನಾಗ ನಾವು ನಿಲ್ಲತೇವಿ. ಹೊಳಿ ಬಂದಾಗೆಲ್ಲ ಕಟಗಿ ಹಿಡಿಯಾಕ ನಿಲ್ಲೂವರ ನಾವು. ಯಾವ ಗಿಡಾ ತೇಲತೈತಿ, ಯಾವುದು ಮುಳಗಿ ಬರತೈತಿ, ನಮಗ ತಿಳೀತೈತಿ. ನೀ ಕೂಗು, ನಾವು ಬರತೇವಿ," ಎಂದಳು.

ಅವಳ ಮೇಲಿನ ಸಿಟ್ಟು ಅಲ್ಲಿಗೆ ಪೂರ್ತಿ ಇಳಿಯಿತು ಎಂದರೆ ಸುಳ್ಳಾದೀತು. ಅರ್ಧ ಇಳಿಯಿತು.

ಸಾಹೇಬರು ಗೆರೆಗಳಿಗೆ ಹೊಸದಾಗಿ ಎಣ್ಣೆಬಣ್ಣ ಹಚ್ಚಿಸಿ ಹೋದರು. ಪಂಚಮಿಯ ಮೋಡ ಹೋಗಿ ಹೊಸ ಮೋಡ ಬಂತು. ಹುಕ್ಕೇರಿಯ ಕಡೆ ಹಗಲೂ ಕತ್ತಲಾಗಿದೆ ಎಂದು ಬಸ್ಸಿನಲ್ಲಿ ಬಂದವರು ಹೇಳುತ್ತಿದ್ದರು. ಒಂದು ಬೆಳಿಗ್ಗೆ ಎದ್ದರೆ ಹೊಳೆಯ ಸದ್ದೇ ಬೇರೆಯಾಗಿತ್ತು. ನೀರು ಆಯಿಯ ಪಟ್ಟೆಯನ್ನು ನುಂಗಿ, ಮೇಲಿನ ಸುಣ್ಣವನ್ನು ನೆಕ್ಕುತ್ತ ಏರುತ್ತಿತ್ತು. ಶೆಡ್ಡಿನಲ್ಲಿ ಅವರು ಸಿದ್ಧರಾಗಿದ್ದರು. ನಾನು ಒಲೆ ಹಚ್ಚಲೇ ಇಲ್ಲ, ಕಿಟಕಿಯ ಹತ್ತಿರ ನಿಂತೆ.

ಬಿಸಿಲು ತುಸು ಕಂಡ ಹೊತ್ತಿಗೆ ನೀರು ಗೆರೆಯನ್ನು ಮುಟ್ಟಿತು. ನಾನು ನೋಡಿದೆ. ಬಾಗಿಲಿಗೆ ಓಡಲಿಲ್ಲ. ಕೂಗದೆ ಇದ್ದುಬಿಟ್ಟರೆ ಏನಾಗುತ್ತದೆ, ಹೊಳೆ ದಾಟಿ ಹೋಗುತ್ತದೆ, ಇಳಿಯುತ್ತದೆ, ಮುಂದಿನ ವರ್ಷ ನೋಡಿಕೊಂಡರಾಯಿತು ಎಂದು ಮನಸ್ಸು ಹೇಳಿತು. ಮುಂದಿನ ವರ್ಷ ಎಂದೊಡನೆ ಇನ್ನೊಂದು ವರ್ಷವಿಡೀ ಈ ಕಿಟಕಿ, ಈ ಗೆರೆ, ಈ ಹೊಟ್ಟೆಯುರಿ ಎಂಬುದೂ ಹೊಳೆಯಿತು. ಜೊತೆಗೆ ಶೆಡ್ಡಿನೊಳಗೆ ಒಬ್ಬ ಮನುಷ್ಯ ನನ್ನ ಮಾತನ್ನು ನಂಬಿ ಹೊರಗೆ ಇಣುಕಿ ಕೂಡ ನೋಡದೆ ಕೂತಿದ್ದ. ಓಡಿ ಹೋಗಿ ಕೂಗಿದೆ. ದನಿ ಒಡೆದು ಎಂಥದೋ ಆಯಿತು, ಆದರೂ ಕೇಳಿಸಿತು.

ಅವರು ಹಣೆಗೆ ವಿಭೂತಿ ಹಚ್ಚಿಕೊಂಡು ತೊಟ್ಟಿಲು ಹತ್ತಿದರು. ಮೇಲಿನ ತಿರುವಿನಲ್ಲಿ ಕೇರಿಯ ಹೆಂಗಸರು ಸಾಲಾಗಿ ನಿಂತಿದ್ದರು, ನಡುವೆ ಆಯಿ. ಹೊಳೆ ಗೆರೆಗೆ ತಾಗಿ, ಏರಲೋ ಬೇಡವೋ ಎಂದು ಅಲ್ಲೇ ತೂಗಾಡುತ್ತಿತ್ತು. ತೊಟ್ಟಿಲು ನಡುಹೊಳೆಗೆ ಹೋಯಿತು. ಪಂಖಾ ನೀರಿಗಿಳಿಯಿತು. ಅವರು ತಲೆ ಬಗ್ಗಿಸಿ ಎಣಿಸುತ್ತಿದ್ದರು. ಕಿವಿಗೆ ಆ ಡಬ್ಬಿ, ಕಣ್ಣು ಗಡಿಯಾರದ ಮೇಲೆ. ಗಿಡ ಬಂದರೂ ಅವರಿಗೆ ಕಾಣುವಂತಿರಲಿಲ್ಲ.

"ಗಿಡಾ ಬಂತೋ! ಮುಳಗಿ ಬರಾಕತ್ತೈತಿ! ಎತ್ತೋ!"

ಅದು ಆಯಿಯ ದನಿ. ಹಿಂದೆಯೇ ಎಲ್ಲ ಹೆಂಗಸರೂ ಒಟ್ಟಿಗೆ ಕೂಗಿದರು. ನನಗೆ ಹೊಳೆಯ ಮೇಲೆ ಒಂದೆರಡು ಎಲೆ ಬಿಟ್ಟು ಏನೂ ಕಾಣಲಿಲ್ಲ. ನಮ್ಮವರು ತಲೆಯೆತ್ತಿ ಪಂಖಾದ ತಂತಿಯನ್ನು ಸರಸರ ಸುತ್ತಿದರು. ಸೀಸದ ಮೀನು ನೀರು ಬಿಟ್ಟು ಮೇಲೆ ಬಂತು. ಆ ಕೂಡಲೇ ಅದೇ ಜಾಗದಲ್ಲಿ ನೀರಿನೊಳಗಿಂದ ಒಂದು ದೊಡ್ಡ ಬೇರಿನ ಗುಂಪು ಹೊರಳಿ ಎದ್ದು, ತೊಟ್ಟಿಲಿನ ಅಡಿಯಿಂದ ಸಾಗಿ, ಮತ್ತೆ ಮುಳುಗಿ ಹೋಯಿತು.

ಅವರು ತಿರುಗಿ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ನಿಧಾನವಾಗಿ ಕಂಬದ ಕಡೆ ನೋಡಿದರು. ನೀರು ಇನ್ನೂ ಗೆರೆಯಲ್ಲೇ ಇತ್ತು. ಪಂಖಾ ಮತ್ತೆ ಇಳಿಸಿ ಮೊದಲಿನಿಂದ ಎಣಿಸಿದರು. ಆ ಹೊತ್ತಿನಲ್ಲಿ ನಾನು ಅವರನ್ನು ಬೈದಷ್ಟು ಬೈಗುಳ ಆಮೇಲೆ ಇಡೀ ಸಂಸಾರದಲ್ಲಿ ಬೈದಿಲ್ಲ. ಮುಗಿಸಿ ಕೈಯೆತ್ತಿದರು. ಆಳುಗಳು ಜಗ್ಗಿದರು. ತೊಟ್ಟಿಲು ದಂಡೆಗೆ ಬಡಿದಾಗ ಅವರ ಮುಖದಲ್ಲಿ ಅದೇ ಸಿಟ್ಟು ಬರಿಸುವ ನಗು. ಕೈ ಮುರಿದಿರಲಿಲ್ಲ, ಮೈ ಒದ್ದೆಯಾಗಿರಲಿಲ್ಲ. ಜನರೆಲ್ಲ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಅವರ ಅಂಗಿ ಹಿಡಿದುಕೊಂಡು ನಿಂತೆ. ತಿರುವಿನಿಂದ ಇಳಿದು ಬಂದ ಆಯಿ, "ಅಂಗಿ ಹರದೀತ ಬಿಡ," ಎಂದಾಗ ಬಿಟ್ಟೆ. ಉಳಿದರ್ಧ ಸಿಟ್ಟೂ ಅಲ್ಲಿಗೆ ಹೋಯಿತು.

ಸಾಹೇಬರು ಬಂದು ಲೆಕ್ಕ ನೋಡಿ, ತುದಿಯ ಗೆರೆ ಸರಿಯಾಗಿ ಮುಗಿದಿದೆ, ಇನ್ನು ಈ ಹೊಳೆ ಏರಿದಾಗ ಯಾರೂ ತೊಟ್ಟಿಲು ಹತ್ತಬೇಕಾಗಿಲ್ಲ ಎಂದರು. ನಾನು ಅವರ ಬಾಯಿಂದ ಆ ಮಾತನ್ನು ಎರಡು ಸಲ ಹೇಳಿಸಿಕೊಂಡೆ, ಅರ್ಧ ಭಾಷೆ ತಿಳಿಯದ ನೆಪ ಮಾಡಿ.

ಮುಂದಿನ ಮಳೆಗಾಲದಲ್ಲಿ ಹೊಳೆ ಮತ್ತೆ ಅಷ್ಟೇ ಬಂತು. ಹಾಲು ಕಾಯಲು ಇಟ್ಟು ಕಿಟಕಿಯಿಂದ ನೋಡಿದೆ. ನೀರು ತುದಿಗೆರೆಯನ್ನು ಮುಟ್ಟಿತ್ತು. ಮೈಗೆ ಹತ್ತಿದ ಅಭ್ಯಾಸ, ಬಾಗಿಲಿಗೆ ಓಡಿ ಕೂಗಿಯೇ ಬಿಟ್ಟೆ. "ಮುಟ್ಟೈತ್ರೀ!"

ಅವರು ಕಟ್ಟೆಯ ಮೇಲೆ ಕೂತು ಚಪ್ಪಲಿಯ ಅಂಗುಟ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಮುಟ್ಟಲಿ ಬಿಡ. ಒಳಗ ಹಾಲು ಉಕ್ಕಾಕತ್ತೈತಿ, ನೋಡ ಹೋಗ," ಎಂದರು.

ಒಳಗೆ ಓಡಿದೆ. ಹಾಲು ಉಕ್ಕಿ ಒಲೆ ಆರಿತ್ತು. ಅಲ್ಲೇ ಕೂತು, ಇನ್ನು ಅವರನ್ನು ಯಾವ ಗೆರೆಯೂ ಕರೆಯುವುದಿಲ್ಲವೆಂಬ ಧೈರ್ಯದಿಂದ, ಸಮಾಧಾನವಾಗುವಷ್ಟು ಅತ್ತೆ.